ಬಕೆಟ್ ಒದ್ದವನು ಎದ್ದು ಬರುವುದಿಲ್ಲ: ಇಂಗ್ಲಿಷ್ ನುಡಿಗಟ್ಟು ಅರ್ಥ ಮಾಡಿಕೊಳ್ಳುವುದು ಹೇಗೆ?

ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಅಮೆರಿಕದ ಮ್ಯಾನೇಜರ್ ಮೇಲ್ ಕಳಿಸಿದ: 'ಲೆಟ್ಸ್ ಟೇಬಲ್ ದಿಸ್.' ಟೇಬಲ್ ಮೇಲೆ ಇಡೋಣ ಅಂದರೆ ಚರ್ಚೆಗೆ ತಗೊಳ್ಳೋಣ ಅಂತ ತಾನೇ? ಹುಡುಗಿ ರಾತ್ರಿ ಎರಡು ಗಂಟೆವರೆಗೆ ಕೂತು 18 ಸ್ಲೈಡ್ ಮಾಡಿದಳು. ಮರುದಿನದ ಮೀಟಿಂಗಿನಲ್ಲಿ ಆ ವಿಷಯದ ಸುದ್ದಿಯೇ ಇಲ್ಲ. ಅಮೆರಿಕದವರ ಬಾಯಲ್ಲಿ ಅದರ ಅರ್ಥ 'ಸದ್ಯಕ್ಕೆ ಇದನ್ನು ಬದಿಗಿಡೋಣ'!

ಅವಳದೇನೂ ತಪ್ಪಿಲ್ಲ ಬಿಡಿ. ನಾವು ಕಲಿತದ್ದು ಬ್ರಿಟಿಷರ ಇಂಗ್ಲಿಷ್. ನಮ್ಮ ಸಂಸತ್ತಿನಲ್ಲಿ ವರದಿ 'ಟೇಬಲ್' ಆಯಿತು ಅಂದರೆ ಮಂಡನೆ ಆಯಿತು ಅಂತಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾಧಿಕಾರಿಗಳೇ ಈ ಒಂದು ಪದಕ್ಕೆ ಜಟಾಪಟಿ ಮಾಡಿಕೊಂಡಿದ್ದರು, ಇಬ್ಬರಿಗೂ ಬೇಕಿದ್ದದ್ದು ಒಂದೇ ಅಂತ ಗೊತ್ತಾಗುವ ಹೊತ್ತಿಗೆ ಮಾತು ಬಿಸಿಯೇರಿತ್ತು ಅಂತ ಚರ್ಚಿಲ್ ಬರೆದುಕೊಂಡಿದ್ದಾರೆ.

ಹೀಗೆ ಎಡವುವವರನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಲೇಖನ.

ಮೊದಲ ಹೆಜ್ಜೆ ಸುಲಭ. ಪದಗಳು ಹೇಳಿದ್ದನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಚಿತ್ರ ನಗು ಬರಿಸಿದರೆ ಅದು ನುಡಿಗಟ್ಟು. 'ಇಟ್ ಕಾಸ್ಟ್ ಆ್ಯನ್ ಆರ್ಮ್ ಆ್ಯಂಡ್ ಅ ಲೆಗ್' ಅಂತಾರೆ. ಕೈಕಾಲು ಕೊಟ್ಟು ಯಾರೂ ಫ್ರಿಜ್ ತರುವುದಿಲ್ಲ, ಅಂದರೆ ಬೆಲೆ ವಿಪರೀತ ಅಂತ. ಕನ್ನಡದಲ್ಲಿ ಈ ಕೆಲಸ ನಾವು ದಿನಾ ಮಾಡುತ್ತೇವೆ. 'ಗಾಡಿ ಕೈ ಕೊಡ್ತು' ಅಂದರೆ ಗಾಡಿಗೆ ಕೈ ಎಲ್ಲಿಂದ ಬಂತು ಅಂತ ಯಾರಾದರೂ ಕೇಳುತ್ತಾರಾ?

ಪೇಚಾಟ ಶುರುವಾಗುವುದು ಎರಡನೇ ಹೆಜ್ಜೆಯಲ್ಲಿ. ಕೆಲವು ಮಾತು ಎರಡೂ ಕಡೆಗೆ ಹೊಂದುತ್ತವೆ. 'ನಂಗೆ ಹೊಟ್ಟೆ ಉರಿ' ಅಂತ ಡಾಕ್ಟರ್ ಹತ್ತಿರ ಹೇಳಿದರೆ ಗುಳಿಗೆ ಬರೆದುಕೊಡುತ್ತಾರೆ. ಪಕ್ಕದ ಮನೆಯವರ ಹೊಸ ಕಾರು ನೋಡಿ ಹೇಳಿದರೆ ಅದಕ್ಕೆ ಗುಳಿಗೆ ಇಲ್ಲ. ಇಂಗ್ಲಿಷಿನಲ್ಲೂ ಹಾಗೇ. 'ಹಿ ಗಾಟ್ ಕೋಲ್ಡ್ ಫೀಟ್' ಅನ್ನುವ ವಾಕ್ಯದ ಹಿಂದೆಮುಂದೆ ಮದುವೆ, ಹೊಸ ಕೆಲಸ, ಸಹಿ ಹಾಕುವುದು ಇತ್ಯಾದಿ ಇದ್ದರೆ ಅವನು ಕೊನೇ ಗಳಿಗೆಯಲ್ಲಿ ಹೆದರಿ ಹಿಂದೆ ಸರಿದ ಅಂತ. ಹಿಂದೆಮುಂದೆ ಹಿಮ, ಸಾಕ್ಸು ಇದ್ದರೆ ಪಾಪ, ಚಳಿ ಅಷ್ಟೇ. ಅದಕ್ಕೇ ಒಂದೇ ವಾಕ್ಯ ಕಿತ್ತು ಅನುವಾದದ ಆ್ಯಪಿಗೆ ಹಾಕಬೇಡಿ, ಇಡೀ ಪ್ಯಾರಾ ಹಾಕಿ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಪದಗಳನ್ನು ಸ್ವಲ್ಪ ಅಲ್ಲಾಡಿಸಿ ನೋಡುವುದು. ಕನ್ನಡದಲ್ಲೇ ಮೊದಲು ಮಾಡೋಣ. 'ಅವನು ನಂಗೆ ಟೋಪಿ ಹಾಕಿದ' ಅಂದರೆ ಮೋಸ ಮಾಡಿದ. 'ಅವನು ನಂಗೆ ಉಲ್ಲನ್ ಟೋಪಿ ಹಾಕಿದ' ಅಂದಿರೋ, ಮೋಸದ ಅರ್ಥ ಮಾಯವಾಗಿ ಬರೀ ಟೋಪಿ ಉಳಿಯಿತು. ಒಂದೇ ಪದ ಸೇರಿಸಿದ್ದು! 'ಕಿಕ್ ದ ಬಕೆಟ್' ಕೂಡ ಇಂಥದ್ದೇ, ಅರ್ಥ ಸಾಯುವುದು. ಅದನ್ನೇ ತಿರುಗಿಸಿ 'ದ ಬಕೆಟ್ ವಾಸ್ ಕಿಕ್ಡ್' ಅಂದರೆ ಯಾರೂ ಸತ್ತಿಲ್ಲ, ಬಚ್ಚಲಲ್ಲಿ ಬಕೆಟ್ ಉರುಳಿದೆ. ಬಕೆಟ್ ಬದಲು ಅದೇ ಅರ್ಥದ 'ಪೇಲ್' ಅನ್ನುವ ಪದ ಹಾಕಿದರೂ ಅಷ್ಟೇ. ಆದರೆ ಎಲ್ಲವೂ ಇಷ್ಟು ಹಟಮಾರಿ ಅಲ್ಲ. 'ಸ್ಪಿಲ್ ದ ಬೀನ್ಸ್' ಅಂದರೆ ಗುಟ್ಟು ಬಿಟ್ಟುಕೊಡುವುದು, 'ದ ಬೀನ್ಸ್ ವರ್ ಸ್ಪಿಲ್ಡ್' ಅಂದರೂ ಗುಟ್ಟು ರಟ್ಟಾದದ್ದೇ. ಯಾಕೆಂದರೆ ಇಲ್ಲಿ ಬೀನ್ಸ್ ಅಂದರೆ ಗುಟ್ಟು, ಚೆಲ್ಲುವುದು ಅಂದರೆ ಹೊರಹಾಕುವುದು, ಒಂದೊಂದು ಪದಕ್ಕೂ ಒಂದೊಂದು ಪಾಲು ಅರ್ಥ ಹಂಚಿಕೆಯಾಗಿದೆ. ಬಕೆಟ್ಟಿಗೆ ಹಾಗೆ ಪಾಲು ಬಂದಿಲ್ಲ, ಅಲ್ಲಿ ಇಡೀ ಕಟ್ಟಿಗೆ ಒಟ್ಟಾಗಿ ಒಂದೇ ಅರ್ಥ. ಹಾಗಾಗಿ ಕಲಿಯುವಾಗ ಪದ ಕಲಿಯಬೇಡಿ, ಇಡೀ ಕಟ್ಟು ಕಲಿಯಿರಿ. 'ಮೈ ಫೀಟ್ ಆರ್ ಕೋಲ್ಡ್' ಅಂತ ತಿರುಗಿಸಿ ಹೇಳಿದರೆ ಯಾರೋ ಬಂದು ಕಂಬಳಿ ಹೊದಿಸುತ್ತಾರೆ.

ಮೂರನೆಯದು, ಕನ್ನಡದ ಹೋಲಿಕೆ ಕಂಡ ಕೂಡಲೇ ಖುಷಿಪಡಬೇಡಿ. 'ಕ್ರೊಕೊಡೈಲ್ ಟಿಯರ್ಸ್' ನಮ್ಮ ಮೊಸಳೆ ಕಣ್ಣೀರೇ, ಸರಿ. ಆದರೆ 'ಗಿವ್ ಮಿ ಅ ಹ್ಯಾಂಡ್' ಅಂದರೆ ಸ್ವಲ್ಪ ಸಹಾಯ ಮಾಡು ಅಂತ, ನಮ್ಮಲ್ಲಿ ಕೈ ಕೊಟ್ಟವನು ನಡುನೀರಲ್ಲಿ ಬಿಟ್ಟುಹೋದವನು. 'ಪುಲಿಂಗ್ ಯುವರ್ ಲೆಗ್' ಬರೀ ತಮಾಷೆಗೆ ಸುಳ್ಳು ಹೇಳುವುದು. ನಾವು ತಮಾಷೆಗೂ ಕಾಲೆಳೆಯುತ್ತೇವೆ, ಮೇಲೆ ಬರುವವರನ್ನು ಕೆಳಕ್ಕೆ ಬೀಳಿಸಲೂ ಎಳೆಯುತ್ತೇವೆ. ಬಕೆಟ್ ವಿಷಯವಂತೂ ಕೇಳಲೇಬೇಡಿ. ಅವರು ಒದ್ದು ಸಾಯುತ್ತಾರೆ, ನಾವು ಹಿಡಿದು ಪ್ರಮೋಷನ್ ತಗೊಳ್ಳುತ್ತೇವೆ.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ 'ಸಾವಿರ ಇಡಿಯಮ್ಸ್' ಥರದ ಪುಸ್ತಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಎಡಗಡೆ ಇಂಗ್ಲಿಷ್, ಬಲಗಡೆ ಅರ್ಥ, ಎಲ್ಲಿ ಯಾರ ಹತ್ತಿರ ಹೇಳಬಹುದು ಅನ್ನುವುದು ಮಾತ್ರ ಇರುವುದಿಲ್ಲ. 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್', ಅಂದರೆ ಧೋ ಅಂತ ಮಳೆ, ಅಂಥ ಪುಸ್ತಕಗಳ ಮೊದಲ ಪುಟದ ಹೀರೊ. ಮಾತಿನಲ್ಲಿ ಈಗ ಅದು ಹಳೇ ಮೇಷ್ಟ್ರ ಇಂಗ್ಲಿಷಿನ ಥರ ಕೇಳಿಸುತ್ತದೆ, 'ಇಟ್ಸ್ ಪೋರಿಂಗ್' ಸಾಕು. ಹುಲ್ಲಿನ ಮಾಡಿನ ಮೇಲೆ ಮಲಗಿದ್ದ ನಾಯಿಬೆಕ್ಕು ಮಳೆಗೆ ಜಾರಿ ಬೀಳುತ್ತಿದ್ದವು, ಅದಕ್ಕೇ ಆ ಮಾತು ಬಂತು ಅನ್ನುವ ವಾಟ್ಸ್ಆ್ಯಪ್ ಕಥೆ 1999ರ ಸುಮಾರಿಗೆ ಈಮೇಲ್‌ಗಳಲ್ಲಿ ಹರಿದಾಡಿದ ಕಟ್ಟುಕಥೆ. ನಾಯಿ ಹುಲ್ಲಿನ ಮಾಡು ಹತ್ತುತ್ತದಾ ಅಂತ ಒಂದು ಸಲ ಯೋಚಿಸಿ, ಅಲ್ವಾ?

ಪುಸ್ತಕದ ಬದಲು ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡ್‌ನವರ ಕಲಿಯುವವರ ನಿಘಂಟು ನೋಡಿ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ಪದ ಹುಡುಕಬೇಡಿ, ಇಡೀ ನುಡಿಗಟ್ಟು ಟೈಪ್ ಮಾಡಿ. ಅರ್ಥದ ಪಕ್ಕ 'ಇನ್‌ಫಾರ್ಮಲ್' ಅಂತ ಇದೆಯಾ ನೋಡಿಕೊಳ್ಳಿ. ಇದನ್ನು ನೋಡದ ಪರಿಚಯದವರೊಬ್ಬರು ಸಂತಾಪದ ಮೆಸೇಜಿನಲ್ಲಿ 'ಯುವರ್ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್' ಅಂತ ಬರೆದುಬಿಟ್ಟರು. 'ನಿಮ್ಮ ತಾತ ಗೊಟಕ್ ಅಂದ್ರಂತೆ' ಅಂದ ಹಾಗಾಯಿತು.

'ಲಿಟರಲಿ' ಅನ್ನುವ ಪದ ಇದ್ದರೆ ನಿಜಾರ್ಥ ಅಂತಲೂ ನಂಬಬೇಡಿ. 'ಐ ಲಿಟರಲಿ ಡೈಡ್' ಅಂತ ಹೇಳುವವರು ಎದುರಿಗೇ ಕಾಫಿ ಕುಡಿಯುತ್ತಿರುತ್ತಾರೆ.

ನನ್ನ ಸಲಹೆ ಕೇಳಿದರೆ, ನೂರು ಅರ್ಥವಾಗಲಿ, ಬಾಯಲ್ಲಿ ಐದು ಸಾಕು. ಅನುಮಾನ ಬಂದರೆ ಕೇಳಿಬಿಡಿ, ನಾಚಿಕೆ ಏನಿಲ್ಲ. ಅಕ್ಕನ ಮಗಳು ಈಗ ಇಂಥ ಮೇಲ್ ಬಂದರೆ ಒಂದೇ ಸಾಲು ಬರೆಯುತ್ತಾಳೆ: 'ನಾಳೆಗೆ ಬೇಕಾ, ಆಮೇಲೆ ನೋಡೋಣವಾ?' ಉತ್ತರ ಬಂದ ಮೇಲೇ ಲ್ಯಾಪ್‌ಟಾಪ್ ತೆಗೆಯುವುದು.