ಕಚೇರಿ ತೆರೆಯುವ ಮುನ್ನ ಕಾರವಾರದ ಹಕ್ಕಿಗಳು

ಶಿರಸಿ ಕಡೆಯವರಿಗೆ ಕಾರವಾರವೆಂದರೆ ಪ್ರವಾಸದ ಊರಲ್ಲ, ಜಿಲ್ಲಾ ಕೇಂದ್ರ. ಜಮೀನಿನ ಕಾಗದವೋ ಮೇಲ್ಮನವಿಯೋ ಇದ್ದಾಗ ಘಟ್ಟ ಇಳಿಯುತ್ತೇವೆ, ಕೆಲಸ ಮುಗಿದರೂ ಮುಗಿಯದಿದ್ದರೂ ಸಂಜೆಯ ಬಸ್ ಹಿಡಿಯುತ್ತೇವೆ. ನಾನು ಮಾತ್ರ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುತ್ತೇನೆ. ಬೆಳಿಗ್ಗೆ ಆರರಿಂದ ಹತ್ತರವರೆಗಿನ ಹೊತ್ತು ಯಾವ ಕಚೇರಿಗೂ ಸೇರಿದ್ದಲ್ಲ. ಅಷ್ಟು ಹೊತ್ತಿನಲ್ಲಿ ಕಡಲಿನ ಹಕ್ಕಿಗಳನ್ನು ನೋಡುವ ಕ್ರಮವೊಂದು ನನಗೆ ಕೂಡಿಬಂದಿದೆ.

ಭೀಮರಾಜ, ಕುಟ್ರು ಹಕ್ಕಿ, ಪಿಕಳಾರಗಳಿಗಾಗಿ ಇಲ್ಲಿ ಗುಡ್ಡ ಹತ್ತುವುದಿಲ್ಲ. ಅವು ನಮ್ಮ ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲೇ ಇವೆ. ನನಗೆ ಬೇಕಾದವು ವರ್ಷವಿಡೀ ಈ ಕರಾವಳಿಯಲ್ಲೇ ಬದುಕುವ ಹಕ್ಕಿಗಳು. ಚಳಿಗಾಲದಲ್ಲಿ ಕಡಲ ತುಂಬ ತೇಲುವ ಕಡಲಕ್ಕಿಗಳು ಅತಿಥಿಗಳು. ಅವುಗಳಲ್ಲಿ ಕಂದುತಲೆಯವು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ ಇಲ್ಲಿಗೆ ಬರುತ್ತವೆ. ಅವು ನೂರಾರು ಸಂಖ್ಯೆಯಲ್ಲಿ ಕಣ್ಣಿಗೆ ಬಿದ್ದರೆ ಊರಿನ ಹಕ್ಕಿಗಳತ್ತ ಗಮನವೇ ಹೋಗುವುದಿಲ್ಲ.

ಮೊದಲು ಟ್ಯಾಗೋರ್ ಕಡಲತೀರ. ನಮ್ಮ ಕರಾವಳಿಯಲ್ಲಿ ಸೂರ್ಯ ಗುಡ್ಡಗಳ ಹಿಂದಿನಿಂದ ಮೂಡುವುದರಿಂದ ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ಬೆನ್ನಿಗಿರುತ್ತದೆ, ಹಕ್ಕಿಯ ಒಂದೊಂದು ಬಣ್ಣವೂ ತಿಳಿಯುತ್ತದೆ. ಸಂಜೆ ಅಲ್ಲಿಯೇ ನಿಂತರೆ ಎಲ್ಲ ಹಕ್ಕಿಯೂ ಕಪ್ಪು. ಸೂರ್ಯಾಸ್ತ ನೋಡುವವರು ಸಂಜೆ ಬರಲಿ.

ದಡದಲ್ಲಿ ಏಂಡಿ, ಎಂದರೆ ಕಡಲಿಗೆ ಬಿಟ್ಟು ದಡದಿಂದ ಎಳೆಯುವ ಬಲೆ, ಎಳೆಯುತ್ತಿದ್ದರೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಬಲೆ ದಡಕ್ಕೆ ಹತ್ತಿರವಾದಂತೆ ಆಕಾಶ ತುಂಬಿಕೊಳ್ಳುತ್ತದೆ. ಇಟ್ಟಿಗೆಗೆಂಪು ಮೈ, ಬಿಳಿ ತಲೆ, ಅಂಚು ದುಂಡಾದ ಬಾಲ ಇದ್ದರೆ ಗರುಡ. ಮೈಯೆಲ್ಲ ಕಂದಾಗಿದ್ದು ಬಾಲದ ತುದಿ ಕವಲಾಗಿದ್ದರೆ ಸಾಮಾನ್ಯ ಹದ್ದು. ಇವೆರಡನ್ನು ಬಾಲ ನೋಡಿ ಬೇರ್ಪಡಿಸುವ ಅಭ್ಯಾಸವಾದರೆ ಮೂರನೆಯದು ತಾನಾಗಿಯೇ ಎದ್ದು ಕಾಣುತ್ತದೆ: ಬಿಳಿಹೊಟ್ಟೆಯ ಕಡಲ ಹದ್ದು. ಅದು ಗುಂಪಿಗೆ ಸೇರುವುದಿಲ್ಲ. ಮೇಲೆ ಎಲ್ಲೋ ಒಂಟಿಯಾಗಿ, ಇಲ್ಲವೇ ಜೋಡಿಯಾಗಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು ತೇಲುತ್ತಿರುತ್ತದೆ. ಕೆಳಗಿನಿಂದ ನೋಡಿದರೆ ಬಿಳಿ ಹೊಟ್ಟೆ, ಕಪ್ಪು ರೆಕ್ಕೆಯಂಚು, ಗಿಡ್ಡ ಬಾಲ. ಮೀನಿನ ಜೊತೆ ಕಡಲಹಾವನ್ನೂ ಎತ್ತಿಕೊಂಡು ಹೋಗುವ ಹಕ್ಕಿ ಇದು. ಒಂದೇ ಗೂಡನ್ನು ವರ್ಷವರ್ಷವೂ ದುರಸ್ತಿ ಮಾಡಿ ಬಳಸುತ್ತದೆ, ಆದ್ದರಿಂದ ಒಮ್ಮೆ ಕಂಡ ಕಡೆ ಮತ್ತೆ ಹುಡುಕುವುದು ವ್ಯರ್ಥವಲ್ಲ. ನನ್ನ ಮಟ್ಟಿಗೆ ಕಾರವಾರದ ಹಕ್ಕಿಯೆಂದರೆ ಇದೇ. ಉಳಿದದ್ದೇನೂ ಕಾಣದಿದ್ದರೂ ಬಸ್ಸಿನ ದುಡ್ಡು ಬಂದಂತೆ.

ಏಂಡಿ ಇಲ್ಲದ ದಿನ ಬೈತಖೋಲ ಬಂದರಿನತ್ತ ನಡೆಯುತ್ತೇನೆ. ಅಲ್ಲಿನ ಕಲ್ಲುಬಂಡೆಗಳ ಮೇಲೆ ಬೂದುಗಪ್ಪು ಮೈಯ, ಗಂಟಲಲ್ಲಿ ಬಿಳಿ ಮಚ್ಚೆಯ ಕಡಲಬಕ ಕೂತಿದ್ದರೆ ಬಂಡೆಯ ಭಾಗವೆಂದೇ ಅನ್ನಿಸುತ್ತದೆ. ಅಲೆ ಸರಿದಾಗ ಓಡಿಹೋಗಿ ಕುಕ್ಕಿದರೆ ಮಾತ್ರ ಗುಟ್ಟು ಬಯಲು. ದಕ್ಷಿಣಕ್ಕೆ ಅರ್ಗಾ ಕಡೆ ಸೀಬರ್ಡ್ ನೌಕಾನೆಲೆ ಇದೆ. ಅಲ್ಲಿ ದುರ್ಬೀನು, ಕ್ಯಾಮೆರಾಗಳನ್ನು ಚೀಲದಲ್ಲೇ ಇಡಬೇಕು.

ಎರಡನೆಯ ಜಾಗ ಕೋಡಿಬಾಗ, ಕಾಳಿ ನದಿ ಕಡಲು ಸೇರುವ ಮಗ್ಗುಲು. ಇಲ್ಲಿ ಗಡಿಯಾರಕ್ಕಿಂತ ನೀರಿನ ಲೆಕ್ಕ ಮುಖ್ಯ. ಭರತವಿದ್ದಾಗ, ಎಂದರೆ ಕಡಲ ನೀರು ಏರಿದಾಗ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದವರೆಗೂ ನೀರು ನಿಂತಿರುತ್ತದೆ, ಹಕ್ಕಿ ಕಾಣುವುದಿಲ್ಲ. ಇಳಿತ ಶುರುವಾಗಿ ಕೆಸರು ಬಯಲಾದ ಮೇಲೆ ಬೆಳ್ಳಕ್ಕಿ, ಗೊರವಗಳು ಇಳಿಯುತ್ತವೆ, ಮಿಂಚುಳ್ಳಿಗಳು ತಗ್ಗಿನ ಕೊಂಬೆಗೆ ಬರುತ್ತವೆ. ದೊಡ್ಡ ಕೆಂಪು ಕೊಕ್ಕಿನ ಹೆಮ್ಮಿಂಚುಳ್ಳಿ ಇಲ್ಲಿಯದೇ. ಕಪ್ಪು ತಲೆ, ಬಿಳಿ ಕೊರಳಪಟ್ಟಿಯ ಮಿಂಚುಳ್ಳಿ ಕಂಡರೆ ಅದು ಚಳಿಗಾಲದ ಅತಿಥಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕೆಸರು ಹೆಚ್ಚು ದೂರದವರೆಗೆ ತೆರೆದುಕೊಳ್ಳುತ್ತದೆ. ಮೊಬೈಲ್‌ನಲ್ಲಿ ಪಟ್ಟಿ ಸಿಗುತ್ತದೆ. ಆದರೂ ನಾನು ಹಿಂದಿನ ಸಂಜೆ ದಡದಲ್ಲಿ ಬಲೆ ಹೆಣೆಯುತ್ತ ಕೂತವರಲ್ಲಿ "ತಾಂಡೇಲರೇ, ನಾಳೆ ಇಳಿತ ಎಷ್ಟು ಹೊತ್ತಿಗೆ?" ಎಂದು ಕೇಳಿಬಿಡುತ್ತೇನೆ. ನಾಳೆ ಏಂಡಿ ಹಾಕುತ್ತಾರೋ ಇಲ್ಲವೋ ಎಂಬುದೂ ಆಗಲೇ ತಿಳಿಯುತ್ತದೆ, ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕಾಳಿ ಸೇತುವೆಯ ಮೇಲೆ ನಿಂತು ನೋಡುವ ಆಸೆ ಬೇಡ. ಹೆದ್ದಾರಿಯ ಲಾರಿಗಳು ಮೈಗೆ ತಾಗುವಂತೆ ಹೋಗುತ್ತವೆ. ದಡವೇ ಲೇಸು.

ಹತ್ತಕ್ಕೆ ಕಚೇರಿ. ಅಲ್ಲಿನ ಬೆಂಚಿನ ಮೇಲೆ ಕಾಯುತ್ತ ಬೆಳಗಿನ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಅದಕ್ಕೆ ಸಮಯ ಧಾರಾಳ. ಈ ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ ಇಲ್ಲಿನ ಹಕ್ಕಿಗಳ ಬಗ್ಗೆ ಮಾಡಿದ್ದ ದೀರ್ಘ ಬರಹ 1898ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಪತ್ರಿಕೆಯಲ್ಲಿ ಬಂದಿತ್ತು. ಕಡತ ನೋಡುವವರೂ ಹಕ್ಕಿ ನೋಡಬಹುದು ಎಂದಾಯಿತು.

ಈ ಲೆಕ್ಕವೆಲ್ಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಬಂದರು ಖಾಲಿ, ಮಳೆಗೆ ದುರ್ಬೀನಿನ ಗಾಜು ಮಂಜು. ಆಗ ಕಾರವಾರದ ಕೆಲಸವನ್ನು ಮುಂದೂಡಿ, ಸೋಂದಾ ಬಳಿಯ ಮುಂಡಿಗೆಕೆರೆಗೆ ಹೋಗುತ್ತೇನೆ. ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವ ಕಾಲ ಅದೇ.