ಹಳೆಯ ಕೋಲ್ಟ್ ಪಿಸ್ತೂಲಿಗೆ ಕಾಡತೂಸು ಆರಿಸಿದ ಅನುಭವ

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಕರಿಮದ್ದಿಗೆಂದು ಮಾಡಿದ, ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆಗೆ ಈಗಿನ ಕಾಡತೂಸು ತುಂಬಬಾರದೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಅಮೆರಿಕದ ಓಹಾಯೋದಲ್ಲಿ ನೆಲೆಸಿ ಹಳೆಯ ಪಿಸ್ತೂಲುಗಳನ್ನು ಸಂಗ್ರಹಿಸತೊಡಗಿದ ಮೇಲೆ, ಅದೇ ಎಚ್ಚರ ಇನ್ನೂ ಸೂಕ್ಷ್ಮವಾದ ರೂಪದಲ್ಲಿ ಬೇಕಾಗುತ್ತದೆಂಬುದು ನನಗೆ ತಿಳಿಯಿತು.

ನನ್ನ ಬಳಿ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ 1902 ಮಿಲಿಟರಿ ಪಿಸ್ತೂಲು ಇದೆ. ಅದು .38 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲು) ಎಂಬ ಕಾಡತೂಸಿಗಾಗಿ ಮಾಡಿದ್ದು. 1929ರಲ್ಲಿ ಬಂದ .38 ಸೂಪರ್‌ನ ಕೇಸು (ಮದ್ದು ತುಂಬಿದ ಲೋಹದ ಕೊಳವೆ) ಅಳತೆಯಲ್ಲಿ ಅದರಂತೆಯೇ ಇರುವುದರಿಂದ, ಸೂಪರ್ ಕಾಡತೂಸು ಈ ಪಿಸ್ತೂಲಿನ ಮ್ಯಾಗಜಿನ್ನಿಗೂ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಚೇಂಬರಿಗೂ ಯಾವ ಅಡ್ಡಿಯೂ ಇಲ್ಲದೆ ಹೊಂದಿಕೊಳ್ಳುತ್ತದೆ. ಮದ್ದು ಉರಿದಾಗಿನ ಒತ್ತಡ ಮಾತ್ರ ಬೇರೆ: ಅಮೆರಿಕದ ಕೋವಿ-ಕಾಡತೂಸು ತಯಾರಕರ ಸಂಸ್ಥೆಯಾದ ಸಾಮಿಯ ಮಾನದಂಡದ ಪ್ರಕಾರ ಎಸಿಪಿಯ ಮಿತಿ ಚದರ ಅಂಗುಲಕ್ಕೆ 26,500 ಪೌಂಡ್, ಸೂಪರ್‌ನದು 36,500. ಅದೂ ಅಲ್ಲದೆ ಈ ಮಾದರಿಯಲ್ಲಿ ಗುಂಡು ಹಾರಿದಾಗ ಹಿಂದೆ ಸರಿಯುವ ಮೇಲ್ಭಾಗವಾದ ಸ್ಲೈಡನ್ನು ಚೌಕಟ್ಟಿನ ಮೇಲೆ ಹಿಡಿದಿಡುವುದು ಮುಂಭಾಗದಲ್ಲಿ ಅಡ್ಡವಾಗಿ ಕೂರುವ ಒಂದು ಸಣ್ಣ ಬೆಣೆ. ಅದು ಮುರಿದರೆ ಸ್ಲೈಡು ಹಿಂದಕ್ಕೆ, ಗುಂಡು ಹಾರಿಸುವವನ ಮುಖದತ್ತಲೇ ಕಳಚಿ ಬರಬಹುದು. ಆದ್ದರಿಂದ ಪ್ರತಿ ಸಲವೂ ಮೊದಲು ಆ ಬೆಣೆಯನ್ನು ತೆಗೆದು, ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿದ ನಂತರವೇ ನಾನು ಕಾಡತೂಸಿನ ಪೆಟ್ಟಿಗೆಗೆ ಕೈ ಹಾಕುತ್ತೇನೆ.

ಪೆಟ್ಟಿಗೆಯ ಮೇಲಿನ ಹೆಸರನ್ನು ಮಾತ್ರ ನಾನು ನಂಬುವುದಿಲ್ಲ. ಕೇಸಿನ ತಳದ ಮುದ್ರೆಯನ್ನೂ ಒಂದೊಂದಾಗಿ ಓದುತ್ತೇನೆ. ಸೂಪರ್ ಎಂದಾಗಲಿ ಪ್ಲಸ್ ಪಿ (ಹೆಚ್ಚಿನ ಒತ್ತಡದ್ದು) ಎಂದಾಗಲಿ ಇದ್ದರೆ ಅದು ಈ ಪಿಸ್ತೂಲಿಗಲ್ಲ. ಬಳಿಕ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ತಳದ ಮಟ್ಟಕ್ಕಿಂತ ಮೇಲೆದ್ದಿದೆಯೇ, ಗುಂಡು ಕೇಸಿನೊಳಗೆ ಕುಸಿದಿದೆಯೇ ಎಂದು ನೋಡುತ್ತೇನೆ. ಗುಂಡು ಒಳಗೆ ಸರಿದರೆ ಮದ್ದು ಉರಿಯುವ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಚೇಂಬರಿಗೆ ಏರುವಾಗಿನ ಪೆಟ್ಟಿಗೆ ಗುಂಡು ಹೀಗೆ ಸರಿಯಬಹುದು; ಈ ಕಾರಣಕ್ಕೇ ಒಂದೇ ಕಾಡತೂಸನ್ನು ಮತ್ತೆ ಮತ್ತೆ ಚೇಂಬರಿಗೆ ಏರಿಸಿ ಇಳಿಸುವುದು ಒಳ್ಳೆಯದಲ್ಲ. ತೂಗಿ ನೋಡಿದರೆ ಮದ್ದಿಲ್ಲದ ಕಾಡತೂಸು ಸಿಕ್ಕೀತೆಂದು ಹಲವರು ಹೇಳುತ್ತಾರೆ. ನಾನು ಆ ಪರೀಕ್ಷೆಯನ್ನು ಹೆಚ್ಚು ನೆಚ್ಚುವುದಿಲ್ಲ, ಏಕೆಂದರೆ ಕೇಸು ಮತ್ತು ಗುಂಡುಗಳ ಸಹಜ ತೂಕವ್ಯತ್ಯಾಸದಲ್ಲಿ ಕೆಲವೇ ಗ್ರೇನ್‌ಗಳ ಮದ್ದಿನ ಕೊರತೆ ಅಡಗಿಹೋಗುತ್ತದೆ.

ಹೀಗೆ ನೋಡಿ ಆರಿಸಿದ್ದರೂ, ಹೊಸದಾಗಿ ತೆರೆದ ಕಾರ್ಖಾನೆಯ ಪೆಟ್ಟಿಗೆಯೊಂದರ ಕಾಡತೂಸು ಕೈಕೊಟ್ಟಿದ್ದುಂಟು. ಶಬ್ದ ಮಂಕಾಗಿತ್ತು, ಕೈಗೆ ಒದೆತವೇ ತಿಳಿಯಲಿಲ್ಲ, ಸ್ಲೈಡು ಹಿಂದೆ ಸರಿಯಲಿಲ್ಲ. ಇಂಥ ಹೊತ್ತಿನಲ್ಲಿ ಸ್ಲೈಡನ್ನು ಕೈಯಿಂದ ಎಳೆದು ಮತ್ತೆ ಹಾರಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಮದ್ದಿಲ್ಲದೆ ಕೇವಲ ಪ್ರೈಮರ್ ಸಿಡಿದಾಗ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಬಂದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವೂ ಇರುವುದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾದೆ. ನಂತರ ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಮಾಡಿ, ಸ್ಲೈಡನ್ನು ಬಿಚ್ಚಿ ನಳಿಗೆಯೊಳಗೆ ಬೆಳಕು ಹಾಯಿಸಿದಾಗ ಗುಂಡು ಚೇಂಬರಿನ ಸ್ವಲ್ಪ ಮುಂದೆಯೇ ನಿಂತಿತ್ತು. ಮನೆಗೆ ತಂದು ಎಣ್ಣೆ ಬಿಟ್ಟು, ನಳಿಗೆಯ ಬಾಯಿಯಿಂದ ಹಿತ್ತಾಳೆಯ ಸರಳನ್ನು ತೂರಿಸಿ ಮೆಲ್ಲಗೆ ಬಡಿದು ಅದನ್ನು ಹಿಂದಕ್ಕೆ ಹೊರಡಿಸಿದೆ. ಉಕ್ಕಿನ ಸರಳು ಇದಕ್ಕೆ ಸಲ್ಲದು, ಅದು ಗುಂಡನ್ನು ತಿರುಗಿಸುವ ನಳಿಗೆಯ ಒಳಗೆರೆಗಳನ್ನು ಕೆಡಿಸುತ್ತದೆ.

ಪೆಟ್ಟಿಗೆಯ ಒಳಮಡಿಕೆಯಲ್ಲಿದ್ದ, ಯಾವ ತಂಡದಲ್ಲಿ ತಯಾರಾಯಿತೆಂದು ಹೇಳುವ ಲಾಟ್ ಸಂಖ್ಯೆಯನ್ನು ಬರೆದುಕೊಂಡು ತಯಾರಕರಿಗೆ ತಿಳಿಸಿದೆ. ಅವರು ಉಳಿದ ಕಾಡತೂಸುಗಳನ್ನು ತರಿಸಿಕೊಂಡರು. ಈ ಕಾರಣದಿಂದ ನಾನು ಕಾಡತೂಸನ್ನು ಅದರ ಮೂಲ ಪೆಟ್ಟಿಗೆಯಿಂದ ಬೇರೆ ಡಬ್ಬಿಗೆ ಸುರಿಯುವುದೇ ಇಲ್ಲ, ಸಂಖ್ಯೆ ಕಳೆದರೆ ದೋಷದ ಜಾಡೂ ಕಳೆಯುತ್ತದೆ.

.38 ಎಸಿಪಿ ಈಗ ಸುಲಭವಾಗಿ ಸಿಗುವುದಿಲ್ಲವೆಂದು ಕೆಲವರು ಸೂಪರ್ ಕೇಸಿನಲ್ಲೇ ಕಡಿಮೆ ಮದ್ದು ತುಂಬಿಕೊಳ್ಳುತ್ತಾರೆ. ತುಂಬಿದವರಿಗೆ ಅದು ಗೊತ್ತಿರುತ್ತದೆ, ಆದರೆ ಮುಂದೆ ಆ ಡಬ್ಬಿ ಯಾರ ಕೈಗೆ ಬೀಳುತ್ತದೋ ಅವರಿಗೆ ಕೇಸಿನ ಮುದ್ರೆ ಬೇರೆಯೇ ಸಂಗತಿ ಹೇಳುತ್ತದೆ. ಅದಕ್ಕೇ ಎಸಿಪಿ ಮುದ್ರೆಯ ಕಾಡತೂಸು ಸಿಗುವವರೆಗೆ ನಾನು ಈ ಪಿಸ್ತೂಲನ್ನು ಹಾರಿಸದೆಯೇ ಇಡುತ್ತೇನೆ. ಬೇರೆ ಪಿಸ್ತೂಲಿನಲ್ಲಿ ಸೂಪರ್ ಹಾರಿಸುವ ದಿನ ಇದನ್ನು ಶೂಟಿಂಗ್ ರೇಂಜಿಗೆ ಒಯ್ಯುವುದಿಲ್ಲ. ಇದಕ್ಕೆ ಯಾವುದು ಸಲ್ಲದು ಎಂದು ಬರೆದ ಚೀಟಿಯನ್ನು ಮುಂದೆ ಇದರ ಒಡೆಯರಾಗುವವರಿಗಾಗಿ ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.