ಪ್ರಾಸ್ಟೇಟ್ ರಿಪೋರ್ಟ್ ಕೈಗೆ ಬಂತು, ಮುಂದೇನು?

ನಮ್ಮ ದೊಡ್ಡಪ್ಪ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದರಲ್ಲಿ 'ಗ್ರೇಡ್ 2 ಪ್ರಾಸ್ಟೇಟೊಮೆಗಲಿ' ಎಂದಿತ್ತು. ಎರಡನೇ ಹಂತದ ಕ್ಯಾನ್ಸರ್ ಅಂದುಕೊಂಡಿದ್ದರು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಎಷ್ಟು ದಪ್ಪಗಾಗಿದೆ ಎಂಬ ಅಳತೆ ಅದು, ಅಷ್ಟೇ. ವಯಸ್ಸಾದ ಗಂಡಸರಲ್ಲಿ ಮಾಮೂಲು.

ಮೊದಲು, ಡಾಕ್ಟರು ಗುದದ್ವಾರದ ಮೂಲಕ ಗ್ರಂಥಿಯನ್ನು ಬೆರಳಿನಿಂದ ಮುಟ್ಟಿ ನೋಡಿದಾಗ ಏನು ಸಿಕ್ಕಿತು ಎಂದು ಕೇಳಿ. ಮುಷ್ಟಿ ಬಿಗಿದು ಹೆಬ್ಬೆರಳಿನ ಬುಡದ ಮಾಂಸ ಒತ್ತಿ ನೋಡಿಕೊಳ್ಳಿ. ಪ್ರಾಸ್ಟೇಟ್ ಹೆಚ್ಚುಕಮ್ಮಿ ಹಾಗಿರಬೇಕು. ಬೆರಳಗೆಣ್ಣಿನಂಥ ಗಟ್ಟಿ ಗಂಟು ಸಿಕ್ಕರೆ ಮುಂದಿನ ಪರೀಕ್ಷೆ ಬೇಕೇ ಬೇಕು. ಕಲ್ಲು, ಹಳೇ ಸೋಂಕು, ಟಿಬಿಯಿಂದಲೂ ಗಟ್ಟಿಯಾಗುತ್ತದೆ, ನಿಜ. ಆದರೆ ಪಿಎಸ್‌ಎ (ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನು) ನಾರ್ಮಲ್ ಇದೆ ಅಂತ ಅಂಥ ಗಂಟನ್ನು ಬಿಡಬೇಡಿ.

ಆಮೇಲೆ ಪಿಎಸ್‌ಎ ರಕ್ತಪರೀಕ್ಷೆ. ಜನ ಎಡವುವುದು ಇಲ್ಲೇ. 4ರ ಒಳಗಿದ್ದರೆ ನೆಮ್ಮದಿ, ಮೇಲಿದ್ದರೆ ಕ್ಯಾನ್ಸರ್ ಅಂತ ತೀರ್ಮಾನಿಸಿಬಿಡುತ್ತಾರೆ. ಉರಿಮೂತ್ರ ಇದ್ದಾಗ, ಮೂತ್ರದ ನಳಿಕೆ (ಕ್ಯಾಥೆಟರ್) ಹಾಕಿದಾಗ ಈ ಸಂಖ್ಯೆ ಜಿಗಿಯುತ್ತದೆ. ಸೋಂಕು ವಾಸಿಯಾಗಿ ಆರೇಳು ವಾರ ಬಿಟ್ಟು ರಕ್ತ ಕೊಡಿ. ಹಿಂದಿನ ಎರಡು ದಿನ ಸೈಕಲ್ ಬೇಡ, ವೀರ್ಯ ಸ್ಖಲನವೂ ಬೇಡ. ಪ್ರತಿಸಲ ಒಂದೇ ಲ್ಯಾಬಿಗೆ ಹೋಗಿ.

ಇದರ ಉಲ್ಟಾ ಅಪಾಯವೂ ಇದೆ. ದಪ್ಪಗಾದ ಪ್ರಾಸ್ಟೇಟ್ ಕುಗ್ಗಿಸಲು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಆರು ತಿಂಗಳಿಂದ ಒಂದು ವರ್ಷದಲ್ಲಿ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ದೊಡ್ಡಪ್ಪನಿಗೆ ಬಂದದ್ದು 3.2. ಲ್ಯಾಬಿನವರು ನಾರ್ಮಲ್ ಎಂದು ಕಳಿಸಿದ್ದರು. ಮಾತ್ರೆ ಪಟ್ಟಿ ನೋಡಿದ ಯೂರಾಲಜಿಸ್ಟ್, 'ಇದನ್ನು 6.4 ಅಂತ ಓದಬೇಕು' ಎಂದರು. ಕೂದಲು ಉದುರದಿರಲಿ ಎಂದು ಫಿನಾಸ್ಟರೈಡ್ ನುಂಗುವವರಿಗೂ ಇದೇ ಲೆಕ್ಕ. ಹಾಗಾಗಿ ಮಾತ್ರೆ ಪಟ್ಟಿಯನ್ನೇ ಜೊತೆಗೆ ಒಯ್ಯಿರಿ, ಬಾಯಲ್ಲಿ ಹೇಳಿದರೆ ಸಾಲದು.

ಗ್ರಂಥಿಯ ಗಾತ್ರವನ್ನೂ ನೋಡಬೇಕು. ಪಿಎಸ್‌ಎ 6 ಇದ್ದು ಗ್ರಂಥಿ 60 ಸಿಸಿ ಇದ್ದರೆ, ಮೊದಲನೆಯದನ್ನು ಗಾತ್ರದಿಂದ ಭಾಗಿಸಿದಾಗ 0.1. ಅದೇ ಗ್ರಂಥಿ 30 ಸಿಸಿ ಇದ್ದರೆ 0.2. 0.15 ದಾಟಿದರೆ ಅನುಮಾನ ಜಾಸ್ತಿ.

ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಬರುವ ಪಿಎಸ್‌ಎ ಒಂದನ್ನೇ ನೆಚ್ಚಬೇಡಿ. ಅಲ್ಲಿ ಬೆರಳಿನ ಪರೀಕ್ಷೆ ಮಾಡುವವರೇ ಕಡಿಮೆ. 'ಗಂಟು ಕರಗಿಸುವ' ಪುಡಿಗಳನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಕಳೆಯುವ ತಿಂಗಳುಗಳು ವಾಪಸ್ ಬರುವುದಿಲ್ಲ.

ಅನುಮಾನ ಉಳಿದರೆ ಎಂಆರ್‌ಐ. ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಮೊದಲೇ ಮಾಡಿಸಿ ಎಂಬುದು ನನ್ನ ಗಟ್ಟಿ ಸಲಹೆ. ಪೈ-ರ‍್ಯಾಡ್ಸ್ (ಸ್ಕ್ಯಾನ್ ನೋಡಿ ಕೊಡುವ 1ರಿಂದ 5ರ) ಅಂಕ 1, 2 ಬಂದರೆ ಅನುಮಾನ ಕಡಿಮೆ, 4 ಅಥವಾ 5 ಬಂದರೆ ಬಯಾಪ್ಸಿ. ದೊಡ್ಡಪ್ಪನಿಗೆ 4 ಬಂತು. ಬಯಾಪ್ಸಿಯಲ್ಲಿ ಗ್ಲೀಸನ್ ಅಂಕ 6, ಅಂದರೆ ಕ್ಯಾನ್ಸರ್ ಹೌದು, ಆದರೆ ತೀರಾ ನಿಧಾನವಾಗಿ ಬೆಳೆಯುವ ಬಗೆ. ಆಪರೇಷನ್ ಇಲ್ಲದೆ ಆರು ತಿಂಗಳಿಗೊಮ್ಮೆ ಪಿಎಸ್‌ಎ ನೋಡುತ್ತಿದ್ದಾರೆ.

ಡಾಕ್ಟರಿಗೆ ಮನೆತನದ ವಿಷಯವನ್ನೂ ಹೇಳಿ. ಅಪ್ಪ, ಅಣ್ಣತಮ್ಮಂದಿರದು ಮಾತ್ರವಲ್ಲ. ಅಮ್ಮ, ಅಕ್ಕತಂಗಿಯರಿಗೆ ಸ್ತನ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬಿಆರ್‌ಸಿಎ 2 ಜೀನಿನ, ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ದೋಷ ಹೆಂಗಸರಿಂದ ಗಂಡುಮಕ್ಕಳಿಗೂ ಇಳಿಯುತ್ತದೆ.